ಉತ್ತರ ಸರಿ, ಕಥೆ ಎಲ್ಲಿ?

ಇಬ್ಬರೂ ಸ್ಪೀಚ್ ಥೆರಪಿಸ್ಟ್‌ಗಳು. ಒಬ್ಬರು ಮೈಸೂರಿನಲ್ಲಿ ಬಹಳ ಕಾಲದಿಂದ ಮಕ್ಕಳೊಂದಿಗೆ ಕೆಲಸ ಮಾಡಿದವರು. ಇನ್ನೊಬ್ಬಳು ಅವರ ಹತ್ತಿರ ಕಲಿತು, ಈಗ ಊರಿನ ಆಚೆಯ ಕೆಲವು ಶಾಲೆಗಳಿಗೆ ಹೋಗಿಬರುತ್ತಾಳೆ.

ಕಿರಿಯಳು: ಮೇಡಂ, ಮೊನ್ನೆ ಒಬ್ಬ ತಂದೆ ನೇರವಾಗಿ ಕೇಳಿಬಿಟ್ಟರು. ‘ನಾವು ಮಗನನ್ನ ನಿಮ್ಮ ಹತ್ರ ಕಳಿಸಿದ್ದು ಮಾತಿಗೆ. ನೀವು ನೋಡಿದ್ರೆ ಟ್ಯಾಬ್ ಕೊಟ್ಟು ಕಥೆ ಓದಿಸ್ತಿದ್ದೀರಿ. ಓದಿಸೋಕೆ ಸ್ಕೂಲಲ್ಲಿ ಟೀಚರ್ ಇದ್ದಾರಲ್ಲ?’ ಅಂದರು.

ಹಿರಿಯರು: ನ್ಯಾಯವಾದ ಪ್ರಶ್ನೆ. ಕಾಯ್ದೆ ನೋಡಿದರೂ ಹಾಗೇ ಅನ್ನಿಸುತ್ತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳ ಪಟ್ಟಿ ಇದೆ. ಮಾತು ಮತ್ತು ಭಾಷೆಯದು ಒಂದು ಬಾಬತ್ತು, ಕಲಿಕೆಯ ನಿರ್ದಿಷ್ಟ ನ್ಯೂನತೆ ಬೇರೆ ಬಾಬತ್ತು. ಕಾಗದದ ಮೇಲೆ ಎರಡು. ನಮ್ಮೆದುರು ಬಂದು ಕೂರುವ ಮಗುವಿನಲ್ಲಿ ಎಷ್ಟೋ ಸಲ ಅವೆರಡೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಮೂರು ವರ್ಷಕ್ಕೆ ತಡವಾಗಿ ಮಾತು ಬಂದ ಮಗು ಐದನೇ ಕ್ಲಾಸಿಗೆ ಬರೋ ಹೊತ್ತಿಗೆ ಸರಾಗವಾಗಿ ಮಾತಾಡುತ್ತೆ, ಎಲ್ಲರೂ ನಿರಾಳ ಆಗ್ತಾರೆ. ಸಮಾಜ ವಿಜ್ಞಾನದ ಒಂದು ಪುಟ ಕೊಟ್ಟಾಗ ಹಳೇ ತೊಂದರೆ ಹೊಸ ವೇಷದಲ್ಲಿ ಎದ್ದು ನಿಲ್ಲುತ್ತೆ.

ಕಿರಿಯಳು: ನಾನು ಅವರಿಗೆ ಓದಿನ ಸಂಶೋಧಕರಾದ ಗಫ್ ಮತ್ತು ಟನ್ಮರ್ ಹೇಳಿದ ಲೆಕ್ಕವನ್ನೇ ಬಿಡಿಸಿ ಹೇಳೋಕೆ ನೋಡಿದೆ.

ಹಿರಿಯರು: 1986ರದ್ದು. ಅದಕ್ಕಿಂತ ಸರಳವಾಗಿ ಈ ವಿಷಯವನ್ನ ಯಾರೂ ಹೇಳಿಲ್ಲ. ಅಕ್ಷರ ಬಿಡಿಸಿ ಓದುವ ಶಕ್ತಿ ಒಂದು, ಭಾಷೆ ಅರ್ಥವಾಗುವ ಶಕ್ತಿ ಇನ್ನೊಂದು. ಓದಿ ಅರ್ಥ ಮಾಡಿಕೊಳ್ಳೋದು ಅಂದರೆ ಇವೆರಡರ ಗುಣಲಬ್ಧ. ಕೂಡಿಸೋದಲ್ಲ, ಗುಣಿಸೋದು. ಎರಡರಲ್ಲಿ ಒಂದು ಸೊನ್ನೆ ಆದರೆ ಇನ್ನೊಂದು ಎಷ್ಟೇ ಇರಲಿ, ಫಲ ಸೊನ್ನೆ. ಆ ಎರಡನೆಯ ಭಾಗ, ಭಾಷೆ, ಪೂರ್ತಿ ನಮ್ಮ ಸುಪರ್ದಿನದು. ಅದಕ್ಕೇ ಓದು ನಮ್ಮ ಕೋಣೆಗೆ ಬರಬೇಕು.

ಕಿರಿಯಳು: ಅದು ಒಪ್ಪಿದೆ. ನನ್ನನ್ನ ಕಾಡ್ತಿರೋದು ಟ್ಯಾಬ್‌ನಲ್ಲಿರೋ ಓದಿನ ಆ್ಯಪ್‌ನ ಪ್ರಶ್ನೆ. ಆ ಹುಡುಗನ ವಿಷಯವೇ ಹೇಳ್ತೀನಿ. ಒಂದು ಪ್ಯಾರಾ ಓದ್ತಾನೆ, ಕೆಳಗೆ ನಾಲ್ಕೈದು ಪ್ರಶ್ನೆ ಬರುತ್ತೆ, ಪ್ರತಿಯೊಂದಕ್ಕೂ ಮೂರು ಆಯ್ಕೆ. ಹೆಚ್ಚೂಕಡಿಮೆ ಎಲ್ಲಾ ಸರಿ ಒತ್ತುತ್ತಾನೆ. ನಕ್ಷತ್ರ ಬೀಳುತ್ತೆ, ಚಪ್ಪಾಳೆ ಸದ್ದು ಬರುತ್ತೆ. ಟ್ಯಾಬ್ ಮಗುಚಿ ಇಟ್ಟು ‘ಈಗ ಆ ಕಥೆ ನನಗೆ ಹೇಳು’ ಅಂದ್ರೆ ‘ಒಂದು ನಾಯಿ ಇತ್ತು’ ಅಂತಾನೆ. ಅಲ್ಲಿಗೆ ಮುಗೀತು.

ಹಿರಿಯರು: ಪ್ರಶ್ನೆಗಳು ಯಾವ ಥರದವು? ನೆನಪಿದ್ದರೆ ಹೇಳು.

ಕಿರಿಯಳು: ಕಥೆಯಲ್ಲಿ ಹೀಗೊಂದು ಸಾಲು ಇದೆ ಅಂತಿಟ್ಕೊಳ್ಳಿ: ‘ಅಜ್ಜಿ ಬಾಗಿಲು ತೆರೆದು ನಾಯಿಯನ್ನು ಒಳಗೆ ಕರೆದಳು. ಮೈಯೆಲ್ಲ ಒದ್ದೆಯಾಗಿತ್ತು.’ ಪ್ರಶ್ನೆ, ‘ಅಜ್ಜಿ ಏನನ್ನು ತೆರೆದಳು?’ ಆಯ್ಕೆಗಳು ಬಾಗಿಲು, ಕಿಟಕಿ, ಪೆಟ್ಟಿಗೆ.

ಹಿರಿಯರು: ಅದಕ್ಕೆ ಅರ್ಥವಾಗಬೇಕಾದ ಅಗತ್ಯವೇ ಇಲ್ಲವಲ್ಲ. ಪ್ರಶ್ನೆಯಲ್ಲಿ ‘ತೆರೆ’ ಅಂತ ಇದೆ, ಪ್ಯಾರಾದಲ್ಲಿ ‘ತೆರೆದು’ ಎಲ್ಲಿದೆ ಹುಡುಕು, ಅದರ ಹಿಂದಿನ ಪದ ಒತ್ತು. ಕಣ್ಣು ಚುರುಕಾಗಿದ್ದರೆ ಸಾಕು. ಅದೇ ಎರಡು ಸಾಲಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ ಇತ್ತು: ಮೈ ಒದ್ದೆಯಾಗಿದ್ದದ್ದು ಯಾರದು?

ಕಿರಿಯಳು: ನಾನು ಕೇಳಿದೆ ಮೇಡಂ. ‘ಅಜ್ಜಿದು’ ಅಂದ.

ಹಿರಿಯರು: ಅಂತೂ ಸಿಕ್ಕಿತು! ಎರಡನೇ ವಾಕ್ಯದಲ್ಲಿ ಯಾರ ಮೈ ಅಂತ ಬರೆದಿಲ್ಲ. ಕನ್ನಡಕ್ಕೆ ಅದು ಬೇಕಿಲ್ಲ, ನಮ್ಮ ಭಾಷೆ ಹೀಗೆ ಬಿಟ್ಟುಕೊಂಡೇ ಸಾಗುತ್ತೆ. ‘ಬಂದು, ನೋಡಿ, ನಕ್ಕು, ಹೋದಳು’ ಅಂತ ಕ್ರಿಯೆ ಮೇಲೆ ಕ್ರಿಯೆ ಪೋಣಿಸ್ತೀವಿ, ಕರ್ತೃ ಒಂದೇ ಸಲ ಬರುತ್ತೆ, ಕೆಲವು ಸಲ ಅದೂ ಬರೋದಿಲ್ಲ. ಓದುವವರು ಹಿಂದಿನ ವಾಕ್ಯವನ್ನ ತಲೆಯಲ್ಲಿ ಹಿಡಿದುಕೊಂಡಿರಬೇಕು. ಹೊರಗಿನಿಂದ ಒಳಗೆ ಬಂದದ್ದು ನಾಯಿ, ಹೊರಗೆ ಮಳೆ ಇದ್ದಿರಬೇಕು, ಹಾಗಾದರೆ ಒದ್ದೆ ಆಗಿರೋದು ನಾಯಿ. ಮೂರು ಹೆಜ್ಜೆ. ನಿನ್ನ ಹುಡುಗ ಹತ್ತಿರದ ಹೆಸರನ್ನ ಬಿಟ್ಟು ಅಜ್ಜಿಯನ್ನೇ ಹಿಡಿದುಕೊಂಡ, ಯಾಕೆಂದರೆ ವಾಕ್ಯ ಅಜ್ಜಿಯಿಂದ ಶುರುವಾಗಿತ್ತು. ತಪ್ಪಿಗೂ ಒಂದು ದಾರಿ ಇದೆ ನೋಡು. ಆ ದಾರಿ ಕಂಡರೆ ಮುಂದಿನ ಸೆಷನ್‌ನಲ್ಲಿ ಏನು ಮಾಡಬೇಕು ಅನ್ನೋದೂ ಗೊತ್ತಾಗುತ್ತೆ.

ಕಿರಿಯಳು: ಆ್ಯಪ್‌ನಲ್ಲಿ ‘ಅಜ್ಜಿ’ ಅಂತ ಒತ್ತಿದ್ದರೆ ಕೆಂಪು ಗುರುತು ಬಂದು ಮುಂದಿನ ಪ್ರಶ್ನೆಗೆ ಹೋಗಿಬಿಡೋದು.

ಹಿರಿಯರು: ನನಗೆ ಆ್ಯಪ್ ಬಗ್ಗೆ ಇರುವ ಮುಖ್ಯ ತಕರಾರು ಅದೇ. ಅದು ಕೇಳುತ್ತೆ, ಕಲಿಸೋದಿಲ್ಲ. ಇದು ಆ್ಯಪ್‌ಗಳಿಂದ ಶುರುವಾದ ರೋಗವೂ ಅಲ್ಲ. ಅಮೆರಿಕದಲ್ಲಿ ಡೊಲೊರಸ್ ಡರ್ಕಿನ್ ಅನ್ನೋ ಸಂಶೋಧಕಿ ನಾಲ್ಕನೇ ಕ್ಲಾಸಿನ ಓದಿನ ತರಗತಿಗಳಲ್ಲಿ ಕೂತು ನಿಮಿಷ ನಿಮಿಷ ಬರೆದಿಟ್ಟರು. 1978–79ರಲ್ಲಿ ಅದು ಪ್ರಕಟವಾಯ್ತು. ಒಟ್ಟು 4,469 ನಿಮಿಷದ ಓದಿನ ಪಾಠದಲ್ಲಿ, ಹೇಗೆ ಅರ್ಥಮಾಡಿಕೊಳ್ಳಬೇಕು ಅಂತ ಟೀಚರ್ ಕಲಿಸಿದ್ದು ಬರೀ 20 ನಿಮಿಷ. ಉಳಿದ ಹೊತ್ತಿನಲ್ಲಿ ಪ್ರಶ್ನೆ ಕೇಳೋದು, ಸರಿಯೋ ತಪ್ಪೋ ಹೇಳೋದು, ಹಾಳೆ ಹಂಚೋದು ಇಂಥವೇ ತುಂಬಿದ್ದವು. ಪರೀಕ್ಷೆಯನ್ನೇ ಪಾಠ ಅಂದುಕೊಂಡಿದ್ದರು. ಇವತ್ತಿನ ಬಹುಪಾಲು ಓದಿನ ಆ್ಯಪ್‌ಗಳು ಆ ತರಗತಿಯನ್ನೇ ಬಣ್ಣ ಹಚ್ಚಿ ಟ್ಯಾಬ್‌ನೊಳಗೆ ಇಟ್ಟಿವೆ.

ಕಿರಿಯಳು: ಹಾಗಂತ ತೆಗೆದಿಟ್ಟುಬಿಡೋಕೆ ನಾನು ಒಪ್ಪಲ್ಲ ಮೇಡಂ. ನನ್ನ ಹತ್ರ ಬರೋ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಪುಸ್ತಕ ಅಂದರೇನೇ ಬೈಸಿಕೊಳ್ಳೋ ಜಾಗ. ಪುಟ ತೆಗೆದರೆ ಭುಜ ಬಿಗಿಯಾಗುತ್ತೆ. ಟ್ಯಾಬ್ ಕೊಟ್ಟರೆ ಅದೇ ಪ್ಯಾರಾಗೆ ಮುಂದೆ ಬಾಗಿ ಕೂರ್ತಾರೆ. ತಪ್ಪಾದರೆ ನಾಲ್ಕು ಜನರ ಎದುರು ಆಗಲ್ಲ. ಅಕ್ಷರ ದೊಡ್ಡದು ಮಾಡಬಹುದು, ಸಾಲು ಸಾಲಾಗಿ ತೋರಿಸಬಹುದು, ಬೇಕಾದ ಪದದ ಮೇಲೆ ಬೆರಳಿಟ್ಟರೆ ಅದನ್ನ ಓದಿ ಹೇಳುತ್ತೆ. ಶ್ರವಣ ಸಾಧನ ಹಾಕಿಕೊಂಡ ಒಬ್ಬ ಹುಡುಗಿಗೆ ಇದರಿಂದ ಎಷ್ಟು ಉಪಯೋಗ ಆಯ್ತು ಅಂತ ನಿಮಗೆ ಹೇಳಲೇಬೇಕು. ಮಾತಿನಲ್ಲಿ ಪದದ ಕೊನೆ ಅವಳಿಗೆ ಸರಿಯಾಗಿ ಕೇಳಿಸೋದಿಲ್ಲ. ‘ಅಮ್ಮನಿಗೆ’, ‘ಅಮ್ಮನಿಂದ’, ‘ಅಮ್ಮನ’ ಎಲ್ಲಾ ‘ಅಮ್ಮ’ ಆಗಿಬಿಡುತ್ತೆ. ಹಾಗಾಗಿ ಯಾರು ಕೊಟ್ಟರು, ಯಾರು ತಗೊಂಡರು ಅನ್ನೋದೇ ಅದಲುಬದಲು. ತೆರೆಯ ಮೇಲೆ ನಾನು ಆ ಪ್ರತ್ಯಯಗಳಿಗೆ ಮಾತ್ರ ಬಣ್ಣ ಹಾಕಿಕೊಟ್ಟೆ. ಕಿವಿಗೆ ಜಾರಿಹೋಗ್ತಿದ್ದದ್ದು ಕಣ್ಣಿಗೆ ನಿಂತಿತು. ಆಮೇಲೆ ಅವಳ ಮಾತಿನಲ್ಲೇ ‘ಇಂದ’ ಬರೋಕೆ ಶುರುವಾಯ್ತು.

ಹಿರಿಯರು: ಇದು ಬಹಳ ಒಳ್ಳೆಯ ಕೆಲಸ ಕಣಮ್ಮ. ಓದು ಮಾತಿಗೆ ತಿರುಗಿ ದಾರಿ ಮಾಡಿಕೊಟ್ಟಿದೆ. ಆ ತಂದೆಗೆ ಇದನ್ನೇ ಹೇಳು, ಲೆಕ್ಕ ಬಿಡಿಸೋದಕ್ಕಿಂತ ಬೇಗ ಅರ್ಥವಾಗುತ್ತೆ. ಆದರೆ ಅಲ್ಲಿ ಯಾವ ಪ್ರತ್ಯಯಕ್ಕೆ ಬಣ್ಣ ಹಾಕಬೇಕು ಅಂತ ತೀರ್ಮಾನಿಸಿದ್ದು ನೀನು, ಆ್ಯಪ್ ಅಲ್ಲ.

ಕಿರಿಯಳು: ಓದಿ ಹೇಳುವ ಆ ಸ್ಪೀಕರ್ ಗುಂಡಿ ಬಗ್ಗೆ ನಿಮ್ಮ ಅಭಿಪ್ರಾಯ ಏನು? ಕೆಲವರು ಅದನ್ನ ಮುಚ್ಚಿಡಿ, ಇಲ್ಲದಿದ್ದರೆ ಮಗು ಓದೋದೇ ಇಲ್ಲ ಅಂತಾರೆ.

ಹಿರಿಯರು: ನನಗೆ ಇಡೀ ಆ್ಯಪ್‌ನಲ್ಲಿ ಬಹಳ ಬೆಲೆಯುಳ್ಳದ್ದು ಆ ಗುಂಡಿ. ಹೊಸ ಮಗು ಬಂದಾಗ ಒಂದು ಪ್ಯಾರಾವನ್ನ ಅದೇ ಓದಲಿ. ಅಷ್ಟೇ ಕಷ್ಟದ ಇನ್ನೊಂದನ್ನ ಸ್ಪೀಕರ್ ಒತ್ತಿ ಕೇಳಿಸು. ಎರಡಕ್ಕೂ ಒಂದೇ ಬಗೆಯ ಪ್ರಶ್ನೆ ಕೇಳು. ಕೇಳಿದಾಗ ಅರ್ಥವಾಗಿ ಓದಿದಾಗ ಆಗಲಿಲ್ಲ ಅಂದರೆ ತೊಡಕು ಅಕ್ಷರದಲ್ಲಿದೆ. ಕೇಳಿದಾಗಲೂ ಆಗಲಿಲ್ಲ ಅಂದರೆ ಭಾಷೆಯಲ್ಲಿದೆ. ಗಫ್ ಮತ್ತು ಟನ್ಮರ್ ಲೆಕ್ಕದ ಯಾವ ಭಾಗ ಸೊರಗಿದೆ ಅಂತ ಅಲ್ಲೇ ಒಂದು ಅಂದಾಜು ಸಿಗುತ್ತೆ. ಕನ್ನಡದಲ್ಲಿ ಓದುವ ಮಕ್ಕಳಿಗಂತೂ ಈ ಹೆಜ್ಜೆ ಬಿಡಲೇಬಾರದು. ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು. ಬೆಂಗಳೂರಿನ ಸೊನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅಕ್ಷರ ಕಲಿಯೋದೇ ನಾಲ್ಕನೇ ತರಗತಿವರೆಗೂ ನಡೆದಿರುತ್ತೆ ಅನ್ನೋದನ್ನ ಅದು ತೋರಿಸಿಕೊಟ್ಟಿತು. ಆ್ಯಪ್ ಮಾಡಿದವರು ಇಂಗ್ಲಿಷ್ ಓದುವ ಮಗುವನ್ನ ಮನಸ್ಸಿನಲ್ಲಿಟ್ಟುಕೊಂಡು ‘ಮೂರನೇ ಕ್ಲಾಸು, ಇನ್ನು ಗ್ರಹಿಕೆಗೆ ಹೋಗಬಹುದು’ ಅಂದುಕೊಂಡಿರ್ತಾರೆ. ನಮ್ಮ ಮೂರನೇ ಕ್ಲಾಸಿನ ಮಗು ಇನ್ನೂ ‘ಷ್ಟ್ರ’ ಹತ್ತಿರ ಒದ್ದಾಡ್ತಿರುತ್ತೆ. ಅದರ ಪೂರ್ತಿ ಗಮನ ಅಲ್ಲೇ ಖರ್ಚಾದರೆ ಕಥೆಗೆ ಉಳಿಯೋದೇನು? ಅದನ್ನ ಗ್ರಹಿಕೆಯ ದೋಷ ಅಂತ ಬರೆದರೆ ಮಗುವಿಗೆ ಅನ್ಯಾಯ.

ಕಿರಿಯಳು: ಓದಿಸಿಕೊಂಡು ಕೇಳಿಸಿಕೊಳ್ಳೋ ಆ್ಯಪ್‌ಗಳಲ್ಲಿ ಇನ್ನೊಂದು ಅನ್ಯಾಯ ನೋಡಿದೀನಿ. 2019ರಲ್ಲಿ ಗೂಗಲ್‌ನವರು ಭಾರತದಲ್ಲಿ ‘ಬೋಲೋ’ ಅಂತ ತಂದರಲ್ಲ, ಹಿಂದಿ ಮತ್ತು ಇಂಗ್ಲಿಷಿಗೆ, ಆಮೇಲೆ ‘ರೀಡ್ ಅಲಾಂಗ್’ ಆಯ್ತು. ಮಗು ಗಟ್ಟಿಯಾಗಿ ಓದಬೇಕು, ಯಂತ್ರ ಕೇಳಿಸಿಕೊಂಡು ಸರಿ ತಪ್ಪು ಹೇಳುತ್ತೆ. ಸಾಮಾನ್ಯ ಮಕ್ಕಳಿಗೆ ಅದು ಹುಮ್ಮಸ್ಸು ಕೊಡೋ ಕೆಲಸ, ನಿಜ. ನಮ್ಮ ಮಕ್ಕಳ ವಿಷಯ ಬೇರೆ. ‘ಕ’ ಬದಲು ‘ತ’ ಅನ್ನೋ ಮಗು ಪದವನ್ನ ಸರಿಯಾಗೇ ಓದಿರುತ್ತೆ, ಉಚ್ಚಾರ ಮಾತ್ರ ಬೇರೆ. ಇಂಥ ಯಂತ್ರಕ್ಕೆ ಅದು ತಪ್ಪು ಓದು. ತೊದಲುವ ಮಗು ಮೊದಲಕ್ಷರದಲ್ಲಿ ನಿಂತಿರುತ್ತೆ, ಓದು ತಲೆಯೊಳಗೆ ಮುಗಿದಿರುತ್ತೆ. ಅಷ್ಟರಲ್ಲಿ ‘ನಾನು ಸಹಾಯ ಮಾಡಲಾ?’ ಅಂತ ಶುರುವಾದರೆ ಆ ಮಗುವಿನ ಮುಖ ನೋಡೋಕಾಗಲ್ಲ.

ಹಿರಿಯರು: ತನ್ನ ಮಾತನ್ನ ಬೇರೆಯವರು ಮುಗಿಸಿಬಿಡ್ತಾರೆ ಅನ್ನೋದೇ ತೊದಲುವ ಮಗುವಿನ ದಿನನಿತ್ಯದ ನೋವು. ಅದನ್ನ ಥೆರಪಿ ಕೋಣೆಯಲ್ಲೂ ಕೊಡಬಾರದು. ದೊಡ್ಡವರ ಮಾತನ್ನ ಗುರುತಿಸುವಷ್ಟು ಚೆನ್ನಾಗಿ ಯಂತ್ರ ಮಕ್ಕಳ ಮಾತನ್ನ ಗುರುತಿಸೋದಿಲ್ಲ, ಉಚ್ಚಾರದ ತೊಂದರೆ ಇರುವ ಮಕ್ಕಳದ್ದಂತೂ ಇನ್ನೂ ಕಷ್ಟ. ಅಂಥ ಮಕ್ಕಳಿಗೆ ಮೈಕ್ ಬಂದ್ ಮಾಡಿ, ಬರೀ ಪಠ್ಯ ಇಟ್ಟುಕೋ. ಓದಿನ ಗುರಿ ಇಟ್ಟುಕೊಂಡ ದಿನ ಉಚ್ಚಾರ ತಿದ್ದಬೇಡ. ಉಚ್ಚಾರದ ದಿನ ಕಥೆಯ ಪ್ರಶ್ನೆ ಬೇಡ. ಎರಡನ್ನೂ ಒಟ್ಟಿಗೆ ಹಿಡಿದರೆ ಮಗು ಯಾವುದಕ್ಕೆ ಶಹಬ್ಬಾಸ್ ಸಿಕ್ಕಿತು, ಯಾವುದಕ್ಕೆ ತಿದ್ದುಪಡಿ ಅಂತ ತಿಳಿಯದೆ ಬಾಯಿ ಮುಚ್ಚಿಕೊಳ್ಳುತ್ತೆ.

ಕಿರಿಯಳು: ಆ್ಯಪ್ ಆಯ್ಕೆ ಮಾಡುವಾಗ ನೀವು ಮೊದಲು ನೋಡೋದೇನು?

ಹಿರಿಯರು: ಪ್ಯಾರಾ ಮುಚ್ಚಿಟ್ಟು ಪ್ರಶ್ನೆ ಮಾತ್ರ ಓದ್ತೀನಿ. ಕಥೆ ಓದದೆ ಉತ್ತರ ಹೊಳೆದರೆ ಆ ಪ್ರಶ್ನೆಯಿಂದ ನಮಗೆ ಏನೂ ತಿಳಿಯೋದಿಲ್ಲ. ‘ಬಿಸಿಲಿನಲ್ಲಿ ಓಡಿಬಂದ ಹುಡುಗನಿಗೆ ಏನು ಬೇಕೆನಿಸಿತು? ನೀರು, ಕಂಬಳಿ, ಪುಸ್ತಕ.’ ಇದಕ್ಕೆ ಕಥೆ ಯಾಕೆ? ಹೆಸರಾಂತ ಪರೀಕ್ಷೆಗಳಲ್ಲೇ ಈ ದೋಷ ಸಿಕ್ಕಿದೆ. 2006ರಲ್ಲಿ ಕೀನನ್ ಮತ್ತು ಬೆಟ್ಜಮನ್ ಅನ್ನುವವರು ‘ಗ್ರೇ ಓರಲ್ ರೀಡಿಂಗ್ ಟೆಸ್ಟ್’ನ ಪ್ರಶ್ನೆಗಳನ್ನ ಪ್ಯಾರಾ ಕೊಡದೆ ಕೇಳಿ ನೋಡಿದರು. ಬಹುಪಾಲು ಪ್ರಶ್ನೆಗಳಿಗೆ ಸುಮ್ಮನೆ ಊಹಿಸಿದರೆ ಬರುವುದಕ್ಕಿಂತ ಹೆಚ್ಚು ಸರಿಯುತ್ತರ ಬಂತು. ವರ್ಷಗಟ್ಟಲೆ ಬಳಕೆಯಲ್ಲಿದ್ದ ಪರೀಕ್ಷೆಯ ಕಥೆ ಹೀಗಾದರೆ, ಅವಸರದಲ್ಲಿ ಮಾಡಿ ಹಾಕಿದ ಆ್ಯಪ್ ಬಗ್ಗೆ ಎಷ್ಟು ಜಾಗ್ರತೆ ಬೇಕು!

ಕಿರಿಯಳು: ಇದರ ತಿರುಗುಮುರುಗು ಕೂಡ ಆಗುತ್ತೆ. ಇಂಗ್ಲಿಷ್ ಆ್ಯಪ್‌ಗಳಲ್ಲಿ ಹಿಮದ ಬೊಂಬೆ ಕರಗಿದ ಕಥೆ ಬರುತ್ತೆ. ಚಾಮರಾಜನಗರದ ಮಗುವಿಗೆ ‘ಬೆಳಿಗ್ಗೆ ಅಂಗಳದಲ್ಲಿ ಟೋಪಿ ಮತ್ತು ಕ್ಯಾರೆಟ್ ಮಾತ್ರ ಬಿದ್ದಿತ್ತು, ಏನಾಗಿರಬಹುದು?’ ಅಂದರೆ ಎಲ್ಲಿಂದ ಹೇಳಬೇಕು? ವರದಿಯಲ್ಲಿ ‘ಊಹಿಸಿ ಅರ್ಥ ಮಾಡಿಕೊಳ್ಳುವಲ್ಲಿ ದುರ್ಬಲ’ ಅಂತ ಬರುತ್ತೆ.

ಹಿರಿಯರು: ರೆಕ್ಟ್ ಮತ್ತು ಲೆಸ್ಲಿ 1988ರಲ್ಲಿ ಬೇಸ್‌ಬಾಲ್ ಆಟದ ಒಂದು ಪ್ಯಾರಾ ಇಟ್ಟುಕೊಂಡು ಇದನ್ನೇ ನೋಡಿದ್ದರು. ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಕಥೆ ಹೇಳಿದರು. ಹಾಗಾಗಿ ಮೊದಲು ಮಗುವಿಗೆ ಗೊತ್ತಿರುವ ಲೋಕದಿಂದ ಪ್ಯಾರಾ ತಗೋ. ರಾಗಿ ಕಣ, ಸಂತೆ, ಬಸ್‌ಸ್ಟ್ಯಾಂಡು, ಮಾರಿಹಬ್ಬ. ಅಲ್ಲಿ ಊಹೆ ಗಟ್ಟಿಯಾದ ಮೇಲೆ ಹಿಮಕ್ಕೆ ಹೋಗು, ಹೋಗಲೇಬೇಕು, ಆದರೆ ಹಿಮ ಏನು ಅಂತ ಒಂದು ವಿಡಿಯೊ ತೋರಿಸಿಕೊಂಡು ಹೋಗು.

ಕಿರಿಯಳು: ಕನ್ನಡದಲ್ಲಿ ಥೆರಪಿಗೆ ಅಂತಲೇ ಮಾಡಿದ ಆ್ಯಪ್ ಹುಡುಕಿ ಸಾಕಾಯ್ತು. ಈಗ ನಾನು ‘ಸ್ಟೋರಿವೀವರ್’ ಕಥೆಗಳನ್ನೇ ಬಳಸ್ತಿದೀನಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ್ದು. ಕನ್ನಡದಲ್ಲಿ ಬೇಕಾದಷ್ಟು ಇದೆ, ಉಚಿತ, ಮುಕ್ತ ಪರವಾನಗಿ. ಕಥೆ ಇಳಿಸಿಕೊಂಡು ವಾಕ್ಯ ಬದಲಾಯಿಸಬಹುದು, ಪ್ರಿಂಟ್ ತೆಗೆಯಬಹುದು. ಪ್ರಶ್ನೆಗಳು ನನ್ನವು.

ಹಿರಿಯರು: ಒಳ್ಳೆಯದು. ಅದರಲ್ಲಿ ಹಂತ ಒಂದರಿಂದ ನಾಲ್ಕರವರೆಗೆ ಗುರುತು ಹಾಕಿರ್ತಾರೆ. ಆ ಗುರುತನ್ನ ಓದಿನ ಕಷ್ಟಕ್ಕೆ ನಂಬು, ಅರ್ಥದ ಕಷ್ಟಕ್ಕೆ ನಂಬಬೇಡ. ಪುಟಕ್ಕೆ ಒಂದೇ ವಾಕ್ಯ ಇರುವ ಒಂದನೇ ಹಂತದ ಕಥೆಯಲ್ಲೂ ಅರ್ಧ ವಿಷಯ ಚಿತ್ರದಲ್ಲಿ ಅಡಗಿದ್ದು, ಹೇಳದೆ ಬಿಟ್ಟದ್ದೇ ಜಾಸ್ತಿ ಇರಬಹುದು. ಐದನೇ ಕ್ಲಾಸಿನ ಹುಡುಗನಿಗೆ ಅದು ಸಣ್ಣ ಮಕ್ಕಳ ಪುಸ್ತಕ ಅಂತ ಅನ್ನಿಸದಂತೆ ಆರಿಸೋದು ನಿನ್ನ ಜಾಣತನ. ‘ತಾನು’, ‘ಅವನು’ ಇರುವ ಕಥೆಗಳನ್ನ ಒಂದಷ್ಟು ಎತ್ತಿಟ್ಟುಕೋ. ‘ತಾನು ಬರುವುದಿಲ್ಲ ಎಂದು ರವಿ ಹೇಳಿದ’, ‘ಅವನು ಬರುವುದಿಲ್ಲ ಎಂದು ರವಿ ಹೇಳಿದ’. ಬಾರದಿರೋದು ಯಾರು? ಮನೆಮಾತಿನಲ್ಲಿ ‘ತಾನು’ ಕಿವಿಗೆ ಬೀಳೋದು ಕಡಿಮೆ, ಪುಸ್ತಕದಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತೆ. ನಮ್ಮ ಎಷ್ಟೋ ಮಕ್ಕಳು ಎರಡಕ್ಕೂ ಒಂದೇ ಉತ್ತರ ಕೊಡ್ತಾರೆ. ಬೊಂಬೆ ಇಟ್ಟು ಆಡಿಸಿ ತೋರಿಸು, ಆಮೇಲೆ ಓದಿಸು.

ಕಿರಿಯಳು: ತೆರೆಯಾ, ಕಾಗದವಾ ಅಂತ ಪೋಷಕರು ಯಾವಾಗಲೂ ಕೇಳ್ತಾರೆ.

ಹಿರಿಯರು: 2018ರಲ್ಲಿ ಡೆಲ್ಗಾಡೊ ಮತ್ತು ಜೊತೆಗಾರರು 54 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದರು. ಮಾಹಿತಿ ಕೊಡುವ ಪಠ್ಯದಲ್ಲಿ, ಅದರಲ್ಲೂ ಗಡಿಯಾರ ಓಡುತ್ತಿರುವಾಗ, ಕಾಗದದ ಮೇಲೆ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಬರೀ ಕಥೆಯಾದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕಥೆಗೆ ಟ್ಯಾಬ್ ಇರಲಿ, ವಿಜ್ಞಾನದ ಪಾಠಕ್ಕೆ ಪುಸ್ತಕ ತೆಗೆ, ಟೈಮರ್ ಇದ್ದರೆ ಆರಿಸಿಬಿಡು. ಪುಟ್ಟ ಮಕ್ಕಳ ಬಗ್ಗೆ 2021ರಲ್ಲಿ ಇನ್ನೊಂದು ಸಮೀಕ್ಷೆ ಬಂತು. ಮಗು ಒಂದೇ ಕೂತು ತೆರೆಯ ಮೇಲೆ ನೋಡಿದ ಕಥೆಗಿಂತ, ದೊಡ್ಡವರು ಜೊತೆಗೆ ಕೂತು ಪುಸ್ತಕ ಓದಿದ್ದು ಹೆಚ್ಚು ಅರ್ಥವಾಗುತ್ತೆ ಅಂತ. ನಿನಗೆ ಬೇಕಾದ ಉತ್ತರ ಅಲ್ಲಿದೆ. ಪಕ್ಕದಲ್ಲಿ ಯಾರು ಕೂತಿದ್ದಾರೆ?

ಕಿರಿಯಳು: ಅಲ್ಲೇ ನನ್ನ ಕೈ ಕಟ್ಟಿಹೋಗೋದು ಮೇಡಂ. ನಾನು ವಾರಕ್ಕೊಂದು ಸಲ ಹೋದರೆ ಹೆಚ್ಚು. ಉಳಿದ ದಿನ ಪಕ್ಕದಲ್ಲಿ ಕೂರೋರು ಇಲ್ಲ ಅಂತಲೇ ಆ್ಯಪ್ ಕೊಡೋದು. ಆ ಹುಡುಗನ ತಾಯಿಗೆ ಓದೋಕೆ ಬರೋದಿಲ್ಲ. ‘ನಾನೇನು ಹೇಳಿಕೊಡ್ಲಿ ಮಿಸ್?’ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡರು. ನನಗೂ ತಕ್ಷಣ ಏನು ಹೇಳಬೇಕೋ ತಿಳೀಲಿಲ್ಲ. ಆಮೇಲೆ ಹೊಳೀತು. ಅವರಿಗೆ ಕಥೆ ಗೊತ್ತಿಲ್ಲ ಅನ್ನೋದೇ ದೊಡ್ಡ ಅನುಕೂಲ. ನಾನು ‘ಕಥೆ ಹೇಳು’ ಅಂದಾಗ ಅವನು ಬಾಯಿ ಬಿಡದೆ ಇರೋದಕ್ಕೆ ಒಂದು ಕಾರಣ, ನನಗೆ ಅದು ಗೊತ್ತಿದೆ ಅಂತ ಅವನಿಗೆ ಗೊತ್ತು. ಗೊತ್ತಿರೋರಿಗೆ ಯಾಕೆ ಹೇಳಬೇಕು? ತಾಯಿಗೆ ನಿಜವಾಗ್ಲೂ ಗೊತ್ತಿಲ್ಲ. ‘ರಾತ್ರಿ ಅಡುಗೆ ಮಾಡುವಾಗ ಕೂರಿಸಿಕೊಂಡು ಕಥೆ ಹೇಳಿಸಿಕೊಳ್ಳಿ, ನಿಮಗೆ ಎಲ್ಲಿ ಅರ್ಥ ಆಗಲಿಲ್ವೋ ಅಲ್ಲಿ ತಡೆದು ಕೇಳಿ’ ಅಂದೆ. ಅವರು ‘ಯಾವ ನಾಯಿ? ಮನೇದಾ, ಬೀದೀದಾ? ಅಜ್ಜಿ ಯಾಕೆ ಒಳಕ್ಕೆ ಬಿಟ್ಕೊಂಡ್ಳು?’ ಅಂತ ಕೇಳಿದರಂತೆ. ಅವನು ಎದ್ದು ಹೋಗಿ ಟ್ಯಾಬ್ ತೆಗೆದು ಮತ್ತೆ ಓದಿಕೊಂಡು ಬಂದನಂತೆ.

ಹಿರಿಯರು: ಮತ್ತೆ ಓದಿಕೊಂಡು ಬಂದ ಅಂದೆಯಲ್ಲ, ಇಡೀ ವಾರದಲ್ಲಿ ನಡೆದ ದೊಡ್ಡ ಸಂಗತಿ ಅದು. ತನಗೆ ಅರ್ಥವಾಗಿಲ್ಲ ಅನ್ನೋದು ಅವನಿಗೇ ಗೊತ್ತಾಯ್ತು, ಗೊತ್ತಾದ ಮೇಲೆ ಏನು ಮಾಡಬೇಕು ಅನ್ನೋದೂ ತಿಳೀತು. ಅದನ್ನ ಬರೆದಿಟ್ಟೆಯಾ?

ಕಿರಿಯಳು: ಶಾಲೆಯವರು ಆ್ಯಪ್‌ನ ಸ್ಕೋರ್ ಹಾಳೆ ಕಳಿಸಿ, ಪ್ರಗತಿ ವರದಿಗೆ ಅದನ್ನೇ ಲಗತ್ತಿಸ್ತೀವಿ ಅಂತಾರೆ. ನೋಡೋಕೆ ಚೆನ್ನಾಗಿರುತ್ತೆ, ಗ್ರಾಫ್ ಮೇಲಕ್ಕೆ ಹೋಗ್ತಿರುತ್ತೆ.

ಹಿರಿಯರು: ಕಳಿಸು, ತಡೆಯಬೇಡ. ಅದರ ಪಕ್ಕದಲ್ಲಿ ನಿನ್ನ ಒಂದು ಪುಟ ಇರಲಿ. ಎಷ್ಟು ಸರಿ ಅನ್ನೋದು ಬೇಡ, ಎಷ್ಟು ಸಹಾಯಕ್ಕೆ ಸರಿಯಾಯ್ತು ಅಂತ ಬರಿ. ತಾನಾಗಿ ಹೇಳಿದನಾ, ‘ಮತ್ತೆ ಆ ಸಾಲು ನೋಡು’ ಅಂದ ಮೇಲಾ, ಎರಡು ಆಯ್ಕೆ ಕೊಟ್ಟ ಮೇಲಾ, ನೀನು ಹೇಳಿಕೊಟ್ಟು ಅವನು ಪುನಃ ಹೇಳಿದ್ದಾ? ಕಥೆ ಹೇಳುವಾಗ ಯಾರು, ಎಲ್ಲಿ, ಏನು ತೊಂದರೆ ಬಂತು, ಏನು ಮಾಡಿದರು, ಕೊನೆಗೆ ಏನಾಯ್ತು, ಇದರಲ್ಲಿ ಯಾವುದು ಬಂತು, ಯಾವುದು ಬಿಟ್ಟುಹೋಯ್ತು? ತಿಂಗಳಿಗೊಮ್ಮೆ ಅವನು ಕಥೆ ಹೇಳೋದನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ, ಪೋಷಕರ ಒಪ್ಪಿಗೆ ತಗೊಂಡು ಇಟ್ಟುಕೋ. ‘ಒಂದು ನಾಯಿ ಇತ್ತು’ ಅಂತ ನಿಂತವನು ಕೆಲವು ತಿಂಗಳ ನಂತರ ಏನು ಹೇಳ್ತಾನೆ ಅಂತ ಆ ತಂದೆಗೆ ಕೇಳಿಸು.

ಕಿರಿಯಳು: ಮುಂದಿನ ಸೆಷನ್‌ನಲ್ಲಿ ಆ್ಯಪ್ ತೆಗೆದಾಗ ಏನು ಬದಲಾಯಿಸಲಿ?

ಹಿರಿಯರು: ಪಾಲಿನ್ಸ್ಕರ್ ಮತ್ತು ಬ್ರೌನ್ 1984ರಲ್ಲಿ ತೋರಿಸಿದ ವಿಧಾನ ಇದೆಯಲ್ಲ, ಟೀಚರ್ ಮಾಡೋ ಕೆಲಸವನ್ನ ಮಕ್ಕಳ ಕೈಗೆ ಒಪ್ಪಿಸೋದು. ಮುಂದೇನಾಗಬಹುದು ಅಂತ ಊಹಿಸೋದು, ಪ್ರಶ್ನೆ ಹಾಕೋದು, ತಿಳಿಯದ್ದನ್ನ ಬಿಡಿಸಿಕೊಳ್ಳೋದು, ಸಾರ ಹೇಳೋದು. ನಾಲ್ಕನ್ನೂ ಒಂದೇ ದಿನ ಬೇಡ. ಪ್ರಶ್ನೆ ಹಾಕೋದೊಂದನ್ನ ತಗೋ. ಕಥೆ ಆ್ಯಪ್‌ನಲ್ಲೇ ಓದಲಿ, ಪ್ರಶ್ನೆಯ ಪುಟ ಬಂದಾಗ ನಿಲ್ಲಿಸು. ‘ಈ ಪ್ರಶ್ನೆಗಳು ತುಂಬಾ ಸುಲಭ, ಪಕ್ಕದ ಕ್ಲಾಸಿನವನಿಗೆ ಕೊಡೋಕೆ ನೀನೇ ಒಂದು ಮಾಡು’ ಅನ್ನು. ಮೂರು ಆಯ್ಕೆಯೂ ಅವನೇ ಬರೀಲಿ.

ಕಿರಿಯಳು: ‘ಬಾಗಿಲು, ಕಿಟಕಿ, ಪೆಟ್ಟಿಗೆ’ ಅಂತಲೇ ಬರೀತಾನೆ.

ಹಿರಿಯರು: ಮೊದಲನೇ ಸಲ ಬರೀಲಿ. ಆ ಪ್ರಶ್ನೆಯನ್ನ ನೀನು ಕಥೆ ನೋಡದೆ ಉತ್ತರಿಸಿ ತೋರಿಸು, ‘ನನ್ನನ್ನ ಸೋಲಿಸೋಕೆ ಆಗಲಿಲ್ಲ’ ಅನ್ನು. ಆಗ ಷರತ್ತು ಹಾಕು: ತಪ್ಪು ಆಯ್ಕೆಗಳಲ್ಲಿ ಒಂದಾದರೂ ಸರಿ ಅಂತ ಅನ್ನಿಸಬೇಕು, ಕಥೆ ಪೂರ್ತಿ ಓದಿದವರಿಗೆ ಮಾತ್ರ ಅದು ತಪ್ಪು ಅಂತ ತಿಳಿಯಬೇಕು.

ಕಿರಿಯಳು: ಹಾಗಾದರೆ ‘ಯಾರ ಮೈ ಒದ್ದೆಯಾಗಿತ್ತು?’ ಅಂತ ಹಾಕಿ, ‘ಅಜ್ಜಿ’ ಅನ್ನೋದನ್ನ ಒಂದು ಆಯ್ಕೆಯಾಗಿ ಇಡೋ ತನಕ ಕಾಯಲಾ?

ಹಿರಿಯರು: ಕಾಯಿ. ಎರಡು ಸೆಷನ್ ಆಗಲಿ, ನಾಲ್ಕಾಗಲಿ. ಇಟ್ಟ ದಿನ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ.